ಒಳಮಗ್ಗುಲಿನ ಬೆಣೆ

ಇನ್ನೂರು ಹೆಜ್ಜೆ ಓಡುವಷ್ಟರಲ್ಲಿ ಶೆದ್ಲಿಗೆ ತನಗೇನೋ ಮೋಸವಾಗಿದೆ ಅನ್ನಿಸಿತು. ಎಲ್ಲಿ, ಯಾರಿಂದ ಎಂದು ಹೇಳಲಾಗಲಿಲ್ಲ. ಬೆಳಗಿನ ಆರೂವರೆ. ಸೂಸ್ ಪಟ್ಟಣದ ಕಡಲ ದಂಡೆಯ ಉದ್ದಕ್ಕೂ ಹೋದ ಕಲ್ಲುಹಾಸಿನ ಮೇಲೆ ಅವನಂಥ ಐದಾರು ಮಂದಿ, ಕೆಲವರು ನಡೆಯುತ್ತ, ಕೆಲವರು ಓಡುತ್ತ, ಎದುರಾದಾಗ ತಲೆಯಾಡಿಸಿ ಮುಂದೆ ಹೋಗುತ್ತಿದ್ದರು. ಐವತ್ತೊಂಬತ್ತು ವರ್ಷದ ಶೆದ್ಲಿ ಒಂಬತ್ತು ವರ್ಷದಿಂದ ಇದೇ ಹಾದಿಯಲ್ಲಿ ಒಂದೇ ಜಾತಿಯ ಶೂ ತೊಟ್ಟು ಓಡುತ್ತಿದ್ದವನು. ಕಂಪನಿಯವರು ವರ್ಷಕ್ಕೋ ಎರಡು ವರ್ಷಕ್ಕೋ ಅದರ ಹೆಸರಿನ ಮುಂದೆ ಒಂದು ಅಂಕಿ ಏರಿಸುತ್ತಿದ್ದರು. ಬಣ್ಣ ಬದಲಾಗುತ್ತಿತ್ತು, ಲೇಸಿನ ತೂತು ಒಂದು ಹೆಚ್ಚೋ ಕಡಿಮೆಯೋ ಆಗುತ್ತಿತ್ತು, ಶೂ ಮಾತ್ರ ಅದೇ ಇರುತ್ತಿತ್ತು. ಹನ್ನೊಂದನೆಯದನ್ನು ಎರಡೂವರೆ ವರ್ಷ ತುಳಿದಿದ್ದ; ಹಿಮ್ಮಡಿಯ ಹತ್ತಿರ ಅದು ಬಾಯಿಬಿಟ್ಟಿತ್ತು. ಅದನ್ನು ನೋಡಲಾರದೆ ಹೆಂಡತಿ ದಲೆಂದಾ ನಿನ್ನೆ ಸಂಜೆ ಹೇಳದೆ ಕೇಳದೆ ಹನ್ನೆರಡನೆಯದು ತಂದು ಮಂಚದ ಮೇಲಿಟ್ಟಿದ್ದಳು. ಅವನದು ಹುಟ್ಟಾ ಚಪ್ಪಟೆ ಪಾದ; ಎಡಗಾಲಂತೂ ನೆಲಕ್ಕಿಟ್ಟ ಕೂಡಲೇ ಒಳಕ್ಕೆ ಕುಸಿಯುತ್ತದೆ. ಆ ಕುಸಿತ ತಡೆಯಲಿಕ್ಕೆಂದೇ ಈ ಜಾತಿಯ ಶೂಗಳ ಒಳಮಗ್ಗುಲಿನಲ್ಲಿ, ಅಂಗಾಲಿನ ಹಳ್ಳ ಬರುವ ಕಡೆ, ಬೂದು ಬಣ್ಣದ ಒಂದು ಗಟ್ಟಿ ಬೆಣೆ ಕೂರಿಸಿರುತ್ತಾರೆ. ಒಂಬತ್ತು ವರ್ಷ ಹೆಜ್ಜೆಹೆಜ್ಜೆಗೂ ಅವನನ್ನು ಒಳಗಿನಿಂದ ಒತ್ತಿ ಎಬ್ಬಿಸುತ್ತಿದ್ದ ಆ ಬೆಣೆ ಇವತ್ತು ಒತ್ತುತ್ತಿರಲಿಲ್ಲ. ಕಾಲು ಒಳಕ್ಕೆ ಕುಸಿಯುತ್ತಲೂ ಇರಲಿಲ್ಲ. ಅದೇ ಅವನಿಗೆ ಸಂಶಯಕ್ಕೆ ಕಾರಣವಾದದ್ದು.

ತಗ್ಗು ಗೋಡೆಯ ಮೇಲೆ ಕೂತು ಎಡಗಾಲಿನ ಶೂ ಬಿಚ್ಚಿದ. ಹೆಬ್ಬೆರಳಿನಿಂದ ಒಳಮಗ್ಗುಲನ್ನು ಒತ್ತಿದ, ಮಿದು. ಹೊರಮಗ್ಗುಲನ್ನು ಒತ್ತಿದ, ಅಷ್ಟೇ ಮಿದು. ಬೆಣೆಯೇ ಇಲ್ಲ. ಇಪ್ಪತ್ತೆರಡು ವರ್ಷ ಶೂ ಫ್ಯಾಕ್ಟರಿಯ ತಪಾಸಣೆ ಮೇಜಿನಲ್ಲಿ ನಿಂತು ಪಳಗಿದ ಬೆರಳು ಅದು. ಸುಳ್ಳು ಹೇಳುವುದಿಲ್ಲ ಅನ್ನುವುದು ಅವನಿಗಿದ್ದ ಒಂದೇ ಹೆಮ್ಮೆ. ಫ್ಯಾಕ್ಟರಿ ಅವನನ್ನು ಮನೆಗೆ ಕಳಿಸಿದ ಮೇಲೂ ಕೋರ್ಟಿನವರು ಪರಿಣತರ ಪಟ್ಟಿಯಲ್ಲಿ ಹೆಸರು ಬರೆದುಕೊಂಡದ್ದು ಆ ಬೆರಳನ್ನು ನಂಬಿಯೇ. ನಕಲಿ, ಎಂದುಕೊಂಡ. ಹಾಗೆಂದುಕೊಂಡ ಕೂಡಲೇ ಎದೆಯಲ್ಲಿ ಎದ್ದದ್ದು ಸಿಟ್ಟಲ್ಲ, ಒಂದು ಬಗೆಯ ಖುಷಿ. ಕಳ್ಳನ ಕೈ ಜೇಬಿನಲ್ಲಿರುವಾಗಲೇ ಹಿಡಿದವನ ಖುಷಿ. ಗಾಜಿನ ಬಾಗಿಲಿನ ಅಧಿಕೃತ ಅಂಗಡಿ, ಒಳಗೆ ತಣ್ಣನೆ ಗಾಳಿ, ನಗುವ ಹುಡುಗಿಯರು, ಮಾರುವುದು ಇದನ್ನು! ಶೂ ತೊಟ್ಟು ಎದ್ದ. ಓಡಲಿಲ್ಲ. ನಡೆದುಕೊಂಡು ಮನೆಗೆ ಬಂದ.

ದಲೆಂದಾ ಅಡುಗೆಮನೆಯಲ್ಲಿ ನಿನ್ನೆಯ ಬ್ರೆಡ್ಡನ್ನು ಎಣ್ಣೆ, ಹರೀಸಾ ಎಂಬ ಮೆಣಸಿನ ಖಾರದಲ್ಲಿ ಅದ್ದಿಕೊಂಡು ನಿಂತೇ ತಿನ್ನುತ್ತಿದ್ದಳು. ಶಾಲೆಯ ಕಚೇರಿಯಲ್ಲಿ ಮೂವತ್ತು ವರ್ಷ ಟೈಪ್ ಮಾಡಿ ನಿವೃತ್ತಳಾದವಳು. ಕೂತು ತಿನ್ನುವ ಅಭ್ಯಾಸ ಇನ್ನೂ ಆಗಿರಲಿಲ್ಲ.

"ಎಲ್ಲಿಂದ ತಂದೆ ಇದನ್ನ?"

"ಸಮುದ್ರದಿಂದ ಹಿಡ್ಕೊಂಡು ಬಂದೆ. ಎಲ್ಲಿಂದ ತರ್ತಾರೆ? ಆ ಗಾಜಿನ ಅಂಗಡಿಯಿಂದ."

"ಗಾಜಿನ ಅಂಗಡಿಯಿಂದಲೇ? ಬೇರೆ ಯಾರೂ ಕೊಡಲಿಲ್ಲ ತಾನೆ?"

"ಯಾರು ಕೊಡ್ತಾರೆ ನಿನಗೆ?"

"ರಸೀದಿ ಎಲ್ಲಿ?"

ಅವಳು ಬ್ರೆಡ್ಡಿನ ತುಂಡನ್ನು ತಟ್ಟೆಯಲ್ಲಿಟ್ಟಳು. "ಮದುವೆಯಾಗಿ ಮೂವತ್ತೊಂದು ವರ್ಷ. ಹೆಂಡತಿ ಕೊಟ್ಟ ಉಡುಗೊರೆಗೆ ರಸೀದಿ ಕೇಳೋ ಗಂಡಸು ಈ ಊರಲ್ಲಿ ನೀನೊಬ್ಬನೇ ಮಾರಾಯ. ಚುಚ್ಚುತ್ತಾ?"

"ಚುಚ್ಚಲ್ಲ."

"ಸಡಿಲವಾ?"

"ಸರಿಯಾಗೇ ಇದೆ."

"ಹಾಗಾದರೆ ಏನು ನಿನ್ನ ತಕರಾರು?"

ಅವಳು ಡಬ್ಬಿಯಿಂದ ರಸೀದಿ ತೆಗೆದು ಅವನ ಮುಂದೆ ಹಿಡಿದು, ಮತ್ತೆ ಬ್ರೆಡ್ಡಿನ ಕಡೆ ತಿರುಗಿದಳು. ಅವಳ ಬೆನ್ನು ನೋಡುತ್ತ ಅವನು ಯೋಚಿಸಿದ: ಇವಳು ಹತ್ತಾರು ಬಗೆಯ ಶೂಗಳಲ್ಲಿ ಇದನ್ನೇ ಯಾಕೆ ಆರಿಸಿದಳು? ಹಳೆಯದರ ಹೆಸರು ನೋಡಿಕೊಂಡು ಹೋಗಿ ಅದೇ ಹೆಸರಿನದು ತಂದಳು, ಅಷ್ಟೇ, ಎಂದು ತನಗೆ ತಾನೇ ಸಮಾಧಾನ ಹೇಳಿಕೊಂಡ. ಆದರೆ ಊರಿನ ಸಾರ್ವಜನಿಕ ಸ್ನಾನದ ಮನೆಗೆ ಹೋಗುವ ಹೆಂಗಸರು ನೂರು ಮಾತಾಡುತ್ತಾರೆ. ಹಿಂದೆ ಶೂ ಮಾರುತ್ತಿದ್ದ ಲಮ್ಜದನ ತಾಯಿಯೂ ಅಲ್ಲಿಗೇ ಬರುತ್ತಾಳೆ. ಮುದುಕಿ ದಲೆಂದಾಳ ಕಿವಿಯಲ್ಲಿ ಏನಾದರೂ ಊದಿರಬಹುದೆ? ಇದನ್ನು ಗಂಡನ ಕಾಲಿಗೆ ತೊಡಿಸಿ ನೋಡು ಎಂದು? ಲಮ್ಜದ್ ಎಂಬ ಹೆಸರು ಎಷ್ಟೋ ತಿಂಗಳ ಮೇಲೆ ಹೀಗೆ ತಲೆಯೊಳಗೆ ಬಂದು ಕೂತದ್ದು ಕಂಡು ಶೆದ್ಲಿಗೆ ಆಶ್ಚರ್ಯವಾಯಿತು. ಕರೆದವರಾರು ಅವನನ್ನು?

ಹಳೇ ಪೇಟೆಯ ಗೋಡೆಯ ಬದಿಗಿದ್ದ ಲಮ್ಜದನ ಸಣ್ಣ ಅಂಗಡಿ. ಹೋದ ವರ್ಷ ಮಾರ್ಚ್‌ನಲ್ಲಿ ಇಬ್ಬರು ಪೊಲೀಸರು, ಕೋರ್ಟಿನ ಒಬ್ಬ ಅಧಿಕಾರಿ, ಜೊತೆಗೆ ಪರಿಣತನೆಂದು ಶೆದ್ಲಿ. ಹನ್ನೆರಡು ಎಂದು ಬರೆದಿದ್ದ ನೂರನಲವತ್ತು ಜೊತೆ ಶೂಗಳನ್ನು ಹೊರಗೆ ರಾಶಿ ಹಾಕಿದ್ದರು. ಹನ್ನೆರಡನೆಯದು ಎಂಬುದೊಂದು ಈ ದೇಶದಲ್ಲೇ ಇಲ್ಲ, ಇದೆಲ್ಲ ನಕಲಿ ಮಾಲು ಎಂದು ಅಧಿಕೃತ ಏಜೆಂಟಿನ ದೂರು. ಎದುರಿನ ಮಸಾಲೆ ಅಂಗಡಿಯವನು, ಅವನ ಗಿರಾಕಿಗಳು, ದಾರಿಹೋಕರು ಎಲ್ಲರೂ ನಿಂತು ನೋಡುತ್ತಿದ್ದರು. ಲಮ್ಜದ್ ಮೂವತ್ತೆಂಟರ ಆಸುಪಾಸಿನವನು, ಮಾತಿಗೆ ಮೊದಲು ನಗುವ ಜಾತಿ. ಅಂಥ ಹೊತ್ತಿನಲ್ಲೂ ನಗುತ್ತಲೇ ಒಂದು ಶೂ ತಂದು ಶೆದ್ಲಿಯ ಕೈಗಿಟ್ಟು, ಹೆಸರಿನ ಮುಂದೆ ಮರ್ಯಾದೆಯ 'ಸಿ' ಸೇರಿಸಿ ಅಂದ: "ಒತ್ತಿ ನೋಡಿ, ಸಿ ಶೆದ್ಲಿ. ಹೊಸದಿದು. ನಮ್ಮಣ್ಣ ಫ್ರಾನ್ಸಿನ ಮಾರ್ಸೇಯಿಂದ ಕಳಿಸಿದ್ದು, ಅಲ್ಲಿ ಅಂಗಡಿ ಅಂಗಡೀಲಿ ಇದೆ. ಬೆಣೆ ಕಾಲ ಮುಗೀತು." ಶೆದ್ಲಿ ಒತ್ತಿ ನೋಡಿದ್ದ, ಮಿದು. "ನನಗೆ ಕಲಿಸ್ತೀಯೇನೋ?" ಅಂದಿದ್ದ. ಲಮ್ಜದ್ ಸುತ್ತ ನಿಂತವರ ಕಡೆ ಒಂದು ಸಲ ನೋಡಿ, "ಕಲಿಸೋದೇನು ಬಂತು, ನಿಮ್ಮ ಕಾಲು ಹನ್ನೊಂದರಲ್ಲೇ ನಿಂತುಬಿಟ್ಟಿದೆ. ಫ್ಯಾಕ್ಟರಿಯೋರು ನಿಮ್ಮನ್ನ ಯಾಕೆ ಮನೆಗೆ ಕಳಿಸಿದ್ರು ಅಂತ ಈಗ ಗೊತ್ತಾಯ್ತು" ಅಂದ. ಮಸಾಲೆ ಅಂಗಡಿಯವನು ಗಹಗಹಿಸಿ ನಕ್ಕ. ಪೊಲೀಸಿನವನು ತುಟಿ ಕಚ್ಚಿಕೊಂಡು ಆಚೆ ನೋಡಿದ. ಆ ನಗು ಶೆದ್ಲಿಯ ಮೈಮೇಲೆ ಬಿಸಿ ಎಣ್ಣೆಯ ಹಾಗೆ ಬಿದ್ದಿತ್ತು. ಫ್ಯಾಕ್ಟರಿಯ ಆ ಕೊನೆಯ ದಿನ ಒಬ್ಬ ಮೀಸೆ ಮೂಡದ ಎಂಜಿನಿಯರು ಯಂತ್ರದ ಪರದೆ ತೋರಿಸಿ, "ಇನ್ನು ಬೆರಳಿನ ಕೆಲಸ ಇಲ್ಲ, ಸಿ ಶೆದ್ಲಿ" ಎಂದಾಗಲೂ ಯಾರೋ ಹಿಂದೆ ನಕ್ಕಿದ್ದರು. ಯಾರು ಎಂದು ಇವತ್ತಿಗೂ ಗೊತ್ತಾಗಿಲ್ಲ. ಫ್ಯಾಕ್ಟರಿಯಲ್ಲಿದ್ದ ಒಬ್ಬೊಬ್ಬನ ಮೇಲೂ ಒಂದೊಂದು ಸಲ ಅನುಮಾನ ಪಟ್ಟಾಗಿತ್ತು.

ಸ್ನಾನ ಮಾಡದೆ, ಬಟ್ಟೆ ಬದಲಿಸದೆ ಗಾಜಿನ ಅಂಗಡಿ ತೆರೆಯುವ ಹೊತ್ತಿಗೆ ಹೋಗಿ ನಿಂತ. ಬಾಗಿಲು ತೆಗೆದ ಹುಡುಗಿ ಇಪ್ಪತ್ತೈದರವಳು, ಅವನ ಕಾಲಿನ ಶೂ ನೋಡಿ ಮುಖ ಅರಳಿಸಿ, "ಓಡಿ ನೋಡಿದ್ರಾ, ಸಿದಿ? ಹೇಗನ್ನಿಸ್ತು?" ಅಂದಳು. ಅವನು ಬಿಚ್ಚಿ ಕೌಂಟರಿನ ಮೇಲೆ ಕುಕ್ಕಿದ.

"ಇದರಲ್ಲಿ ಬೆಣೆ ಎಲ್ಲಿ?"

"ಹನ್ನೆರಡರಲ್ಲಿ ಬೆಣೆ ಇಲ್ಲ, ಸಿದಿ. ಕಂಪನಿಯೋರೇ ತೆಗೆದಿದಾರೆ." ಅವಳು ಶೂವನ್ನು ಅವನ ಕಡೆ ತಿರುಗಿಸಿ, ಹಿಮ್ಮಡಿಯ ಎರಡೂ ಮಗ್ಗುಲಿನಲ್ಲಿ ಅಟ್ಟೆ ತುಸು ಮೇಲೆದ್ದು ಅಂಚುಕಟ್ಟಿದ್ದನ್ನು ಬೆರಳಿನಿಂದ ಸವರಿ ತೋರಿಸಿದಳು. "ಹನ್ನೊಂದು ಏನು ಮಾಡ್ತಿತ್ತು, ಕಾಲನ್ನ ಒಳಗಿಂದ ತಳ್ಳುತ್ತಿತ್ತು. ಇದು ತಳ್ಳಲ್ಲ. ಕಾಲು ತನ್ನ ದಾರೀಲಿ ಹೋಗ್ತಿದ್ರೆ ಸುಮ್ನಿರುತ್ತೆ, ದಾರಿ ತಪ್ಪಿದ್ರೆ ಮಾತ್ರ ಅಂಚು ಹಿಡ್ಕೊಳ್ಳುತ್ತೆ. ಹಳೇ ಗಿರಾಕಿಗಳು ಎಲ್ರೂ ಮೊದಲು ಇದನ್ನೇ ಕೇಳ್ತಾರೆ, ಬೆಣೆ ಎಲ್ಲಿ ಅಂತ."

"ಇದು ಅಸಲಿ ಅಂತ ಏನು ಗ್ಯಾರಂಟಿ?"

ಹುಡುಗಿಯ ನಗು ಸ್ವಲ್ಪ ಒಣಗಿತು. "ನಾವೇ ಏಜೆಂಟರು, ಸಿದಿ."

"ಯಾವಾಗ ಬಂತು ಇದು?"

"ನಮಗೆ ಬಂದಿದ್ದು ಈ ವಾರ. ನಮ್ಮ ದೇಶಕ್ಕೆ ಯಾವಾಗಲೂ ತಡ. ಫ್ರಾನ್ಸಿನಲ್ಲಿ ಹೋದ ವರ್ಷ ಜನವರಿಯಿಂದಲೇ ಇದೆ."

ಜನವರಿ. ಅವನು ಬೆರಳು ಮಡಿಸಿ ಎಣಿಸಬೇಕಾಗಿರಲಿಲ್ಲ. ಜನವರಿ ಆದ ಮೇಲೆ ಮಾರ್ಚ್ ಬರುತ್ತದೆ. ಶೂ ಎತ್ತಿಕೊಂಡು, ಬಗ್ಗಿ ತೊಡುವ ಮನಸ್ಸಾಗದೆ ಕಾಲುಚೀಲದಲ್ಲೇ ಹೊರಬಂದ. ಗಾಜಿನೊಳಗಿನಿಂದ ಹುಡುಗಿ ನೋಡುತ್ತಿದ್ದಳು. ಇವಳಿಗೆ ಗೊತ್ತಿದೆಯೆ ತಾನು ಯಾರೆಂದು? ಆ ಕೇಸಿನಲ್ಲಿ ದೂರು ಕೊಟ್ಟವರು ಇವಳ ಯಜಮಾನರೇ ಅಲ್ಲವೆ? ಗೊತ್ತಿದ್ದೇ ಆ ಜನವರಿಯನ್ನು ಅಷ್ಟು ಬಿಡಿಸಿ ಹೇಳಿದಳೆ? ರೈಲಿನ ಗೇಟು ಬಿದ್ದಿತ್ತು. ಊರ ನಡುವೆಯೇ ಹಾದುಹೋಗುವ ರೈಲು ಅದು. ಸ್ಕೂಟರಿನವರು, ತರಕಾರಿ ಚೀಲ ಹಿಡಿದ ಹೆಂಗಸರು ಕಾದು ನಿಂತಿದ್ದರು. ಎಲ್ಲರೂ ಅವನ ಕಾಲುಚೀಲ ನೋಡುತ್ತಿದ್ದ ಹಾಗಿತ್ತು. ತಪ್ಪಾಗಿದೆ, ಎಂದುಕೊಂಡ. ಮನುಷ್ಯ ಅಂದಮೇಲೆ ತಪ್ಪಾಗುತ್ತದೆ. ಗೊತ್ತಿರಲಿಲ್ಲ. ಯಾರಿಗೆ ಗೊತ್ತಿತ್ತು? ಏಜೆಂಟರಿಗೇ ಗೊತ್ತಿರಲಿಲ್ಲ, ಅಥವಾ ಗೊತ್ತಿಲ್ಲದವರ ಹಾಗೆ ಇದ್ದರು. ಲಮ್ಜದ್ ತೋರಿಸಿದ ರಸೀದಿಗಳು ಕೈಬರಹದವು ಎಂದು ಕೋರ್ಟು ತಳ್ಳಿಹಾಕಿತ್ತು. ಉಳಿದದ್ದು ಶೆದ್ಲಿಯ ಮೂರು ಪುಟ. ಒಳಮಗ್ಗುಲಿನ ಗಟ್ಟಿ ಬೆಣೆ ಇಲ್ಲವಾದ್ದರಿಂದ ಇದು ನಕಲಿ, ಪಾದಕ್ಕೆ ಹಾನಿಕರ. ಶೂಗಳನ್ನು ಪುಡಿ ಮಾಡಿದರು, ಅಂಗಡಿಗೆ ಬೀಗ ಜಡಿದರು, ಲಮ್ಜದ್ ಮೂರು ತಿಂಗಳು ಒಳಗಿದ್ದು ಬಂದ. ಮೇಲಿನ ಕೋರ್ಟಿಗೆ ಹೋಗುವ ಶಕ್ತಿ ಅವನಿಗೆ ಉಳಿದಿರಲಿಲ್ಲವಂತೆ. ರೈಲು ಹೋಯಿತು, ಗೇಟು ಎದ್ದಿತು, ಹಿಂದಿನ ಸ್ಕೂಟರಿನವನು ಹಾರ್ನ್ ಹೊಡೆಯುವವರೆಗೆ ಶೆದ್ಲಿ ಅಲ್ಲೇ ನಿಂತಿದ್ದ.

ಮಧ್ಯಾಹ್ನ ದಲೆಂದಾ ತಂಗಿಯ ಮನೆಗೆ ಹೋದ ಮೇಲೆ ಅವನೊಂದು ಕೆಲಸ ಮಾಡಿದ. ಎಡಗಾಲಿಗೆ ಹನ್ನೊಂದು, ಬಲಗಾಲಿಗೆ ಹನ್ನೆರಡು ತೊಟ್ಟು ಮನೆ ಹಿಂದಿನ ರಸ್ತೆಗೆ ಇಳಿದ. ಒಂದು ಕಾಲು ಕೆಸರು ಬಣ್ಣದ್ದು, ಇನ್ನೊಂದು ಹಸಿರು. ಕಾಫಿ ಅಂಗಡಿಯ ಮುಂದೆ ಇಸ್ಪೀಟಾಡುತ್ತಿದ್ದ ಮುದುಕರಲ್ಲೊಬ್ಬ, "ಏನ್ ಶೆದ್ಲಿ, ಇನ್ನೊಂದು ಜೊತೆ ಹಿಂಗೇ ಮನೇಲಿದೆಯಾ?" ಅಂದ. ಉಳಿದವರು ನಕ್ಕರು. ಅವನು ಕಿವಿಗೊಡದೆ ಓಡಿದ. ಕಂಬದಿಂದ ಕಂಬಕ್ಕೆ, ಹೋಗಿ, ಬಂದು. ಆಮೇಲೆ ಶೂ ಅದಲು ಬದಲು ಮಾಡಿದ, ಎಡಗಾಲಿಗೆ ಹನ್ನೆರಡು. ತಪಾಸಣೆ ಮೇಜಿನ ಹಳೇ ಶಿಸ್ತು ಮೈಗೆ ಬಂದಿತ್ತು. ಹನ್ನೊಂದರಲ್ಲಿ ಕಾಲು ಊರಿದೊಡನೆ ಒಂದು ತಳ್ಳು, ಆ ತಳ್ಳಿಗೆ ಮಂಡಿಯ ಒಳಗೆಲ್ಲೋ ಒಂದು ಸಣ್ಣ ಮುಲುಕು. ಅದು ನೋವೂ ಅಲ್ಲ, ಒಂಬತ್ತು ವರ್ಷದಿಂದ ಅದನ್ನು ಅವನು ತನ್ನ ವಯಸ್ಸು ಎಂದೇ ತಿಳಿದಿದ್ದ. ಹನ್ನೆರಡರಲ್ಲಿ ಆ ಮುಲುಕಿಲ್ಲ. ಹಿಮ್ಮಡಿ ಇಳಿಯುತ್ತದೆ, ಅಂಚಿಗೆ ತಾಗಿಯೂ ತಾಗದ ಹಾಗೆ ಉರುಳುತ್ತದೆ, ಎದ್ದು ಹೋಗುತ್ತದೆ. ಎಡಗಾಲು ಈ ಶೂವಿನೊಳಗೆ ತಡವರಿಸಲಿಲ್ಲ. ಹಳೇ ಗೆಳೆಯನ ಮನೆಯ ಮೆಟ್ಟಿಲು ಹತ್ತಿದ ಹಾಗೆ, ಎಷ್ಟು ಎತ್ತರ, ಎಷ್ಟು ಅಗಲ ಎಂದು ಮೊದಲೇ ಗೊತ್ತಿದ್ದ ಹಾಗೆ ಓಡಿತು. ಗೊತ್ತಿತ್ತು. ಶೆದ್ಲಿ ಕಂಬ ಹಿಡಿದುಕೊಂಡು ನಿಂತ. ಬೆಳಿಗ್ಗೆಯಿಂದ ಅವನು ಅಂಗಡಿಯವರ ಮೇಲೆ, ಹುಡುಗಿಯ ಮೇಲೆ, ಹೆಂಡತಿಯ ಮೇಲೆ, ಸ್ನಾನದ ಮನೆಯ ಮುದುಕಿಯ ಮೇಲೆ ಅನುಮಾನಪಟ್ಟು ಸುತ್ತಿದ್ದು ಇದೊಂದರ ಹತ್ತಿರ ಬರಬಾರದು ಎಂದೇ. ಈ ಶೂ ಅವನ ಕಾಲಿಗೆ ಹೊಸದಾಗಿರಲಿಲ್ಲ.

ನೂರನಲವತ್ತು ಜೊತೆಯ ರಾಶಿಯಲ್ಲಿ ಪರೀಕ್ಷೆಗೆಂದು ಎರಡು ಜೊತೆ ಆರಿಸಿಕೊಳ್ಳಲು ಅಧಿಕಾರಿ ಹೇಳಿದ್ದರು. ಅವನು ಆರಿಸಿದ್ದು ಎರಡೂ ನಲವತ್ತೆರಡನೇ ಅಳತೆಯದು, ತನ್ನ ಅಳತೆಯದು. ಯಾಕೆ ಎಂದು ಯಾರೂ ಕೇಳಲಿಲ್ಲ, ಅವನೂ ಕೇಳಿಕೊಳ್ಳಲಿಲ್ಲ. ಮೂರು ದಿನ ಅವು ಅವನ ಕೋಣೆಯ ಕಪಾಟಿನಲ್ಲಿದ್ದವು. ನಾಲ್ಕನೆಯ ದಿನ ಬೆಳಕು ಹರಿಯುವ ಮೊದಲು ಒಂದು ಜೊತೆ ಜಾಕೆಟಿನೊಳಗೆ ಅಡಗಿಸಿಕೊಂಡು ಹೋಗಿ, ಕಲ್ಲುಹಾಸಿನ ಮೇಲೆ ಯಾರಾದರೂ ಸಿಕ್ಕಾರು ಎಂದು ಕೆಳಗಿಳಿದು ನೀರಂಚಿನಲ್ಲಿ ತೊಟ್ಟುಕೊಂಡು ಓಡಿದ್ದ. ನಾಲ್ಕು ಕಿಲೋಮೀಟರು ಎಂದುಕೊಂಡವನು ಒಂಬತ್ತು ಓಡಿದ್ದ. ಮಂಡಿ ಸುಮ್ಮನಿತ್ತು. ಮೂಡಣದಲ್ಲಿ ಬೆಳಕು ಬರುತ್ತಿದ್ದಂತೆ ಅವನಿಗೆ ಅಳು ಬರುವಷ್ಟು ಹಗುರಾಗಿತ್ತು. ಇಪ್ಪತ್ತರ ಹುಡುಗನಾಗಿದ್ದಾಗ ಹೀಗೆ ಓಡಿದ್ದ ನೆನಪು. ಆ ಹಗುರದ ಒಳಗಿನಿಂದಲೇ ಲಮ್ಜದನ ಮಾತೂ ಎದ್ದು ಬಂದಿತ್ತು: ನಿಮ್ಮ ಕಾಲು ಹನ್ನೊಂದರಲ್ಲೇ ನಿಂತುಬಿಟ್ಟಿದೆ. ಅಂದರೆ ಅವನು ಹೇಳಿದ್ದು ನಿಜ. ಆ ನಗುವೂ ನಿಜ, ಮಸಾಲೆ ಅಂಗಡಿಯವನ ನಗು, ಫ್ಯಾಕ್ಟರಿಯಲ್ಲಿ ಹಿಂದೆ ನಿಂತು ನಕ್ಕವನ ನಗು, ಎಲ್ಲವೂ. ಮನೆಗೆ ಬಂದು ಶೂವನ್ನು ಬಟ್ಟೆಯಿಂದ ಒರೆಸಿ, ಗರಗಸ ತೆಗೆದು ಎರಡು ಹೋಳು ಮಾಡಿದ. ಒಳಗನ್ನು ಪರೀಕ್ಷಿಸುವುದಕ್ಕೆ ಹೋಳು ಮಾಡಲೇಬೇಕು, ನಿಯಮವೇ ಹಾಗೆ. ಅದೇ ಮಧ್ಯಾಹ್ನ ಕೂತು ವರದಿ ಹೇಳಿದ. ದಲೆಂದಾ ಟೈಪ್ ಮಾಡಿದಳು. ಪಾದಕ್ಕೆ ಹಾನಿಕರ ಎನ್ನುವಲ್ಲಿ ಅವಳು ತಲೆಯೆತ್ತಿ, "ಅಷ್ಟು ಕೆಟ್ಟದಾ?" ಎಂದು ಕೇಳಿದ್ದಳು. "ಅಷ್ಟು ಕೆಟ್ಟದು" ಎಂದಿದ್ದ.

ಸಂಜೆ ಅವಳು ಬಂದಾಗ ಶೆದ್ಲಿ ಟೈಪ್ ಯಂತ್ರದ ಮುಸುಕು ತೆಗೆದು ಕಾಗದ ಏರಿಸಿಟ್ಟಿದ್ದ. ಲಮ್ಜದನ ಕೇಸಿನ ವರದಿ ತಪ್ಪು, ತಿದ್ದುಪಡಿ ಕೊಡಬೇಕು ಎಂದ. ಅವಳು ಬುರುಖೆಯಂಥ ಬಿಳಿಯ ಹೊದಿಕೆ ಮಡಿಸುತ್ತಿದ್ದವಳು ಅಲ್ಲೇ ಕುರ್ಚಿಯ ಮೇಲೆ ಕೂತುಬಿಟ್ಟಳು.

"ಆ ಹುಡುಗ ಜೈಲಲ್ಲಿದ್ದ, ಶೆದ್ಲಿ."

"ಗೊತ್ತು."

"ನಾನು ಟೈಪ್ ಮಾಡಿದ್ದು. ಈ ಬೆರಳಲ್ಲಿ."

"ಕಂಪನಿ ಬದಲು ಮಾಡಿತ್ತು. ನನಗೆ ಹೇಗೆ ಗೊತ್ತಾಗಬೇಕು?"

ಅವಳು ಅವನ ಮುಖವನ್ನು ಬಹಳ ಹೊತ್ತು ನೋಡಿದಳು. ಕಚೇರಿಯಲ್ಲಿ ಮೂವತ್ತು ವರ್ಷ ಸುಳ್ಳು ರಜೆ ಚೀಟಿಗಳನ್ನು ನೋಡಿದ ಕಣ್ಣು. "ಇಷ್ಟೇನಾ?" ಅಂದಳು.

"ಇಷ್ಟೇ."

"ಹೇಳು ಹಾಗಾದರೆ." ಯಂತ್ರದ ಮುಂದೆ ಜರುಗಿದಳು. "ಎರಡನೇ ಸಲ ನಿನ್ನ ಮಾತು ನಂಬಿ ಟೈಪ್ ಮಾಡ್ತಾ ಇದೀನಿ. ಮೂರನೇ ಸಲ ಕೇಳಬೇಡ."

ಮರುದಿನ ಕೋರ್ಟಿನ ಕಿಟಕಿಯಲ್ಲಿ ಕನ್ನಡಕದ ಗುಮಾಸ್ತ ಕಾಗದವನ್ನು ಎರಡು ಸಲ ಓದಿದ. ಹತ್ತು ವರ್ಷದ ಪರಿಚಯ. ಕೇಸು ಮುಗಿದಿದೆಯಲ್ಲ ಎಂದ. ಗೊತ್ತು ಎಂದ ಶೆದ್ಲಿ. ಮನುಷ್ಯ ಶಿಕ್ಷೆ ಅನುಭವಿಸಿ ಬಂದೂ ಆಯಿತಲ್ಲ ಎಂದ. ಗೊತ್ತು. ಗುಮಾಸ್ತ ಕನ್ನಡಕ ತೆಗೆದು, ಹಿಂದೆ ಕೂತವರಿಗೆ ಕೇಳದ ಹಾಗೆ ಮುಂದೆ ಬಾಗಿ, ಹೆಚ್ಚೂಕಡಿಮೆ ಪ್ರೀತಿಯಿಂದ ಕೇಳಿದ: "ಸಿ ಶೆದ್ಲಿ, ಎಷ್ಟು ಕೊಟ್ಟ?"

"ಯಾರೂ ಏನೂ ಕೊಟ್ಟಿಲ್ಲ."

"ಹೆದರಿಸಿದನಾ?"

"ಇಲ್ಲ."

"ಮೈ ಹುಷಾರಾಗಿದೆ ತಾನೆ? ಸಕ್ಕರೆ ಕಾಯಿಲೆ, ಬಿ.ಪಿ.?"

ಶೆದ್ಲಿಗೆ ಕೆನ್ನೆ ಉರಿಯಿತು. ತನ್ನ ಜಾಗದಲ್ಲಿ ಬೇರೆಯವನು ನಿಂತಿದ್ದರೆ ತಾನೂ ಇದನ್ನೇ, ಇದೇ ಸಾಲಿನಲ್ಲಿ ಕೇಳುತ್ತಿದ್ದೆ ಅನ್ನುವುದು ಅವನಿಗೆ ಗೊತ್ತಿತ್ತು. ಗುಮಾಸ್ತ ನಿಟ್ಟುಸಿರಿಟ್ಟು ಮುದ್ರೆ ಒತ್ತಿದ, ಒಂದು ಪ್ರತಿ ಹಿಂದಕ್ಕೆ ಕೊಟ್ಟ. "ಇದನ್ನ ಆ ಮನುಷ್ಯನಿಗೆ ಕೊಡಿ. ಕೇಸು ಮತ್ತೆ ತೆರೆಸೋದಿದ್ರೆ ಅವನೇ ಅರ್ಜಿ ಹಾಕಬೇಕು. ಇನ್ಮೇಲೆ ನಿಮ್ಮನ್ನ ಯಾರೂ ಕರೆಯೋಲ್ಲ, ಅದೂ ಗೊತ್ತು ತಾನೆ?"

ಬಾಡಿಗೆ ವ್ಯಾನುಗಳ ನಿಲ್ದಾಣದ ಮೂಲೆಯಲ್ಲಿ ಹುರಿದ ಬೀಜ ಮಾರುವ ಗೂಡಂಗಡಿ, ಲಮ್ಜದನ ಭಾವಮೈದುನನದು. ಲಮ್ಜದ್ ತಕ್ಕಡಿಯ ಹಿಂದೆ ನಿಂತಿದ್ದ. ಕಿವಿಯ ಮೇಲಿನ ಕೂದಲು ಬೆಳ್ಳಗಾಗಿತ್ತು. ಶೆದ್ಲಿಯನ್ನು ನೋಡಿದ, ಗುರುತೂ ಹಿಡಿದ, ಆದರೂ ಯಾರೋ ಗಿರಾಕಿಯನ್ನು ಕೇಳುವ ಹಾಗೆ, "ಏನು ತೂಗಲಿ?" ಅಂದ.

"ಮಾತಾಡೋಣ ಅಂತ ಬಂದೆ."

"ಇಲ್ಲಿ ಮಾತು ತೂಗಲ್ಲ. ಸೂರ್ಯಕಾಂತಿ ಬೀಜ ಇದೆ, ಕಡಲೆ ಇದೆ."

ಶೆದ್ಲಿ ಹೊಸ ಶೂ ಇದ್ದ ಚೀಲವನ್ನು ಕಟ್ಟೆಯ ಮೇಲಿಟ್ಟ. "ಹನ್ನೆರಡು ಇಲ್ಲೂ ಬಂತು, ಲಮ್ಜದ್. ಗಾಜಿನ ಅಂಗಡೀಲಿ. ನೋಡು, ನೀನು ಹೇಳಿದ್ದೇ..."

ಲಮ್ಜದ್ ಹಾವು ಕಂಡವನ ಹಾಗೆ ಹಿಂದೆ ಸರಿದು ಎರಡೂ ಕೈ ಮೇಲೆತ್ತಿದ. "ತೆಗೀರಿ! ಮೊದಲು ಅದನ್ನ ಕಟ್ಟೆ ಮೇಲಿಂದ ತೆಗೀರಿ! ಯಾರು ಕಳಿಸಿದ್ದು ನಿಮ್ಮನ್ನ? ಏಜೆಂಟಾ? ಪೊಲೀಸಿನೋರಾ? ಎಲ್ಲಿ ನಿಂತಿದಾರೆ?" ವ್ಯಾನಿನ ಚಾಲಕರು ಕೂಗುವುದು ಬಿಟ್ಟು ಈ ಕಡೆ ತಿರುಗಿದರು. "ನಾನು ಮುಟ್ಟಿಲ್ಲ! ಎಲ್ರೂ ನೋಡಿ, ಇವರೇ ತಂದಿಟ್ಟಿದ್ದು, ನಾನು ಮುಟ್ಟಿಲ್ಲ!"

ಶೆದ್ಲಿ ಚೀಲವನ್ನು ತೆಗೆದು ಕಾಲ ಸಂದಿಯಲ್ಲಿಟ್ಟುಕೊಂಡ. ಕೋರ್ಟಿನ ಮುದ್ರೆಯ ಕಾಗದವನ್ನು ಬಿಡಿಸಿ ಕಟ್ಟೆಯ ಮೇಲೆ ಹರವಿ, ಒಂದು ಹೆಜ್ಜೆ ಹಿಂದೆ ನಿಂತ. ಲಮ್ಜದ್ ಕಾಗದವನ್ನೂ ಮುಟ್ಟಲಿಲ್ಲ. ದೂರದಿಂದಲೇ ಕತ್ತು ಚಾಚಿ ಮುದ್ರೆ ನೋಡಿದ, ತಾರೀಖು ನೋಡಿದ, ಸಹಿ ನೋಡಿದ. ಆಮೇಲೆ ಏಪ್ರನ್ನಿಗೆ ಕೈ ಒರೆಸಿಕೊಂಡು ಹತ್ತಿರ ಬಂದು, ಸಾಲಿನ ಕೆಳಗೆ ಬೆರಳಿಟ್ಟು ಜೋರಾಗಿ ಓದಿದ: "ಕಂಪನಿ ಮಾಡಿದ ಬದಲಾವಣೆ ನನ್ನ ಗಮನಕ್ಕೆ ಬಾರದೆ ಇದ್ದುದರಿಂದ ವರದಿಯಲ್ಲಿ ದೋಷ ಉಂಟಾಯಿತು." ನಿಲ್ಲಿಸಿದ. "ಉಂಟಾಯಿತು," ಅಂದ. "ತಾನಾಗೇ ಉಂಟಾಯಿತಾ, ಸಿ ಶೆದ್ಲಿ? ಮಳೆ ಬಂದ ಹಾಗೆ?"

ಶೆದ್ಲಿ ಚೀಲವನ್ನು ಕಾಲಿನಿಂದ ಇನ್ನಷ್ಟು ಹಿಂದಕ್ಕೆ ಸರಿಸಿದ.

"ಕೋರ್ಟಲ್ಲಿ ಆ ಸೀಳಿದ ಶೂನ ಮೇಜಿನ ಮೇಲಿಟ್ಟಿದ್ರಲ್ಲ, ನಾನು ಕಟಕಟೆಯಿಂದ ನೋಡ್ತಾ ಇದ್ದೆ. ಎರಡು ಗಂಟೆ ನೋಡಿದೆ, ಬೇರೇನು ನೋಡೋಕಿತ್ತು ಅಲ್ಲಿ. ಅಟ್ಟೆಯ ಗೀರುಗಳ ಒಳಗೆ ಮರಳಿತ್ತು. ಒದ್ದೆಯಾಗಿ ಒಣಗಿದ್ದು." ಅವನ ದನಿ ಈಗ ತಗ್ಗಿತ್ತು; ಚಾಲಕರು ಮತ್ತೆ ಊರುಗಳ ಹೆಸರು ಕೂಗತೊಡಗಿದ್ದರು. "ನನ್ನ ಅಂಗಡೀಲಿ ಮರಳಿರಲಿಲ್ಲ. ನಾನು ದಿನಾ ಒರೆಸ್ತಿದ್ದೆ ಒಂದೊಂದು ಶೂನೂ."

"ಆಗಲೇ ಹೇಳಬಹುದಿತ್ತಲ್ಲ ನೀನು."

"ಯಾರಿಗೆ? ನಕಲಿ ಮಾಲಿನವನ ಮಾತು ಯಾರಿಗೆ ಬೇಕಿತ್ತು? ಮರಳು ನಾನೇ ಹಾಕಿದೆ ಅಂತಿದ್ರು." ಒಬ್ಬ ಹೆಂಗಸು ಬಂದು ಬೀಜ ಕೇಳಿದಳು. ಅವನು ತೂಗಿದ, ಪೊಟ್ಟಣ ಕಟ್ಟಿದ, ಚಿಲ್ಲರೆ ಕೊಟ್ಟ, ಅವಳು ಹೋಗುವವರೆಗೆ ಕಾದ. "ಓಡಿದ್ರಾ?"

ಇಲ್ಲ ಎನ್ನುವುದಕ್ಕೆ ಶೆದ್ಲಿಗೆ ಇನ್ನೂ ಜಾಗವಿತ್ತು. ಮರಳು ಒಂದೂವರೆ ವರ್ಷದ ಹಿಂದಿನದು, ಆ ಹೋಳುಗಳು ಈಗ ಎಲ್ಲಿಯೂ ಇಲ್ಲ. "ಓಡಿದೆ," ಅಂದ.

"ಎಷ್ಟು?"

"ಒಂಬತ್ತು ಕಿಲೋಮೀಟರು."

ಲಮ್ಜದ್ ಕಟ್ಟೆಯ ಮೇಲೆ ಎರಡೂ ಕೈ ಊರಿ ಅವನ ಕಣ್ಣಲ್ಲಿ ಕಣ್ಣಿಟ್ಟು ನೋಡಿದ. ಬಯ್ಯುತ್ತಾನೆ, ಉಗುಳುತ್ತಾನೆ ಎಂದು ಶೆದ್ಲಿ ಮೈ ಬಿಗಿಹಿಡಿದು ನಿಂತ. ಆದರೆ ಲಮ್ಜದ್ ಕೇಳಿದ್ದು ಶೂ ಮಾರುವವನ ಪ್ರಶ್ನೆ. ಅಂಗಡಿ ಇದ್ದಾಗ ದಿನಕ್ಕೆ ಇಪ್ಪತ್ತು ಸಲ ಕೇಳುತ್ತಿದ್ದಿರಬೇಕು.

"ಹೇಗಿತ್ತು?"

"ಚೆನ್ನಾಗಿತ್ತು."

"ಹನ್ನೊಂದಕ್ಕಿಂತ?"

"ಹನ್ನೊಂದಕ್ಕಿಂತ ಚೆನ್ನಾಗಿತ್ತು," ಅಂದ ಶೆದ್ಲಿ. ಕಣ್ಣು ತುಂಬಿ ಬಂತು, ಒರೆಸಿಕೊಳ್ಳಲಿಲ್ಲ. "ಮಂಡಿ ನೋಯಲಿಲ್ಲ. ಬಹಳ ಚೆನ್ನಾಗಿತ್ತು."

ಲಮ್ಜದ್ ಕಾಗದವನ್ನು ಮಗುಚಿ ಖಾಲಿ ಬೆನ್ನು ಮೇಲೆ ಮಾಡಿ, ಹಾರದ ಹಾಗೆ ಅದರ ಮೂಲೆಗೆ ತೂಕದ ಬಟ್ಟೊಂದನ್ನು ಇಟ್ಟ. ಪೊಟ್ಟಣಗಳ ಮೇಲೆ ಬೆಲೆ ಬರೆಯುವ ಪೆನ್ನನ್ನು ಮುಂದಕ್ಕೆ ತಳ್ಳಿದ.

"ಅದನ್ನ ಬರೀರಿ."

"ಬರೆದರೆ ನಾನೂ ಒಳಗೆ ಹೋಗಬೇಕಾಗುತ್ತೆ, ಲಮ್ಜದ್."

"ಗೊತ್ತು."

ಶೆದ್ಲಿ ಬಾಗಿದ. ಕಟ್ಟೆ ತಗ್ಗಾಗಿತ್ತು, ಹುರಿದ ಬೀಜದ ಉಪ್ಪು ಅಂಗೈಗೆ ಹತ್ತುತ್ತಿತ್ತು, ವರ್ಷಗಳಿಂದ ಹೇಳಿ ಬರೆಸಿ ಅಭ್ಯಾಸವಾದ ಕೈಗೆ ಅಕ್ಷರ ಸೊಟ್ಟಗೆ ಬರುತ್ತಿತ್ತು. ನಾನು ಆ ಶೂಗಳನ್ನು ತೊಟ್ಟು ಓಡಿದ್ದೆ ಎಂದು ಬರೆದ. ಅವು ಹಿಂದಿನದಕ್ಕಿಂತ ಒಳ್ಳೆಯವೆಂದು ಗೊತ್ತಿದ್ದೂ ನಕಲಿ ಎಂದು ಬರೆದೆ ಎಂದು ಬರೆದ. ಯಾಕೆ ಎಂಬುದಕ್ಕೆ ಪೆನ್ನು ಒಂದು ಗಳಿಗೆ ತಡೆಯಿತು. ಆಮೇಲೆ ಅದನ್ನೂ ಬರೆದ: ಅವನು ಜನರ ಮುಂದೆ ನನ್ನನ್ನು ನಗೆಗೀಡು ಮಾಡಿದ್ದ. ಬರೆದದ್ದನ್ನು ನೋಡಿದರೆ ಅದು ಇಷ್ಟೇ ಇಷ್ಟಿತ್ತು, ಒಂದು ಸಾಲೂ ತುಂಬಿರಲಿಲ್ಲ. ಕೆಳಗೆ ಸಹಿ ಹಾಕಿದ. ಲಮ್ಜದ್ ಇನ್ನೊಬ್ಬ ಗಿರಾಕಿಗೆ ಕಡಲೆ ತೂಗುತ್ತಿದ್ದವನು ತಕ್ಕಡಿಯ ಮುಳ್ಳಿನಿಂದ ಕಣ್ಣೆತ್ತದೆ, "ತಾರೀಖು ಹಾಕಿ" ಅಂದ.

ಶೆದ್ಲಿ ಮತ್ತೆ ಪೆನ್ನೆತ್ತಿಕೊಂಡು ಇವತ್ತು ಎಷ್ಟನೇ ತಾರೀಖು ಎಂದು ಕೇಳಿದ.

"ಇವತ್ತಿಂದಲ್ಲ," ಅಂದ ಲಮ್ಜದ್. "ಓಡಿದ ದಿನದ್ದು."